ಐದು ಜನ, ಐದು ಅಭಿಪ್ರಾಯ: ‘ಕರೆಂಟ್ಸ್’ ಆಲ್ಬಂ ಕೇಳುವುದು ಹೇಗೆ?

ಪ್ರಶ್ನೆ: ಮಣಿಪಾಲದಲ್ಲಿ ನಾವು ಐವರು ಗೆಳೆಯರು ತಿಂಗಳಿಗೊಂದು ಆಲ್ಬಂ ಆರಿಸಿ, ಅವರವರ ಮನೆಯಲ್ಲಿ ಕೇಳಿ, ಒಂದು ಭಾನುವಾರ ಸೇರಿ ಮಾತಾಡುತ್ತೇವೆ. ಈ ಸಲ ಟೇಮ್ ಇಂಪಾಲಾ ಬ್ಯಾಂಡಿನ ‘ಕರೆಂಟ್ಸ್’. ಒಬ್ಬನ ಪ್ರಕಾರ ಇದಕ್ಕಿಂತ ಒಳ್ಳೆಯ ಸೈಕೆಡೆಲಿಕ್ ಪಾಪ್ (ಅಮಲಿನಂತೆ ತೇಲಿಸುವ ಶಬ್ದದ ಪಾಪ್) ಇತ್ತೀಚೆಗೆ ಬಂದೇ ಇಲ್ಲ. ಇನ್ನೊಬ್ಬ “ಹಾಡುವವನ ಸ್ವರವೇ ಕೇಳುವುದಿಲ್ಲ ಮಾರಾಯ” ಅಂತಾನೆ. ಒಬ್ಬಳು ಮೊದಲ ಹಾಡಿನ ನಡುವೆ ಫೈಲೇ ಹಾಳಾಗಿದೆ ಎನ್ನುತ್ತಾಳೆ. ಹಳೆಯ ಅಭಿಮಾನಿಯೊಬ್ಬನಿಗೆ ಗಿಟಾರ್ ಎಲ್ಲಿ ಹೋಯಿತೆಂದು ಸಿಟ್ಟು. ನನಗೆ ಅರ್ಧ ದಾಟಿದ ಮೇಲೆ ಬೇಸರ ಬಂತು. ಯಾರ ಮಾತು ಸರಿ? ಕೇಳುವುದಕ್ಕೆ ಒಂದು ಕ್ರಮ ಅಂತ ಉಂಟಾ? ಇದರ ಎಲ್‌ಪಿ (ಗ್ರಾಮಫೋನ್ ತಟ್ಟೆ) ತೆಗೆದುಕೊಂಡರೆ ನಮ್ಮ ಮಳೆಗಾಲದಲ್ಲಿ ಉಳಿದೀತಾ?

ಉತ್ತರ: ಯಾರ ಮಾತು ಸರಿ ಎಂದು ಕೇಳುವ ಮೊದಲು, ಯಾರು ಯಾವುದರಲ್ಲಿ ಕೇಳಿದರು ಎಂದು ಬರೆದು ಕಳುಹಿಸಿದ್ದರೆ ನನ್ನ ಕೆಲಸ ಅರ್ಧ ಮುಗಿಯುತ್ತಿತ್ತು. ಈ ಬಗೆಯ ಸಂಗೀತದಲ್ಲಿ ಹಾಡು ಮತ್ತು ಅದರ ಶಬ್ದ ಬೇರೆ ಬೇರೆ ಅಲ್ಲ. ಗಜಲನ್ನೋ ಭಾವಗೀತೆಯನ್ನೋ ಕೆಟ್ಟ ಸ್ಪೀಕರಿನಲ್ಲಿ ಕೇಳಿದರೂ ಸಾಹಿತ್ಯ, ರಾಗ ಎರಡೂ ತಲುಪುತ್ತವೆ. ಇಲ್ಲಿ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಎಡದಿಂದ ಬಲಕ್ಕೆ ತೇಲುವುದು, ಡ್ರಮ್ ಹಿಂಡಿದ ಹಾಗೆ ಉಸಿರಾಡುವುದು, ಸ್ವರ ದೂರದಿಂದ ಬರುವುದು ಇವೇ ರಚನೆ. ಉಪಕರಣ ಅದನ್ನು ಅಳಿಸಿದರೆ ಉಳಿಯುವುದು ಅರೆಬರೆ ಹಾಡು, ಅದರ ಮೇಲೆ ಹುಟ್ಟುವುದು ಅರೆಬರೆ ಅಭಿಪ್ರಾಯ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಟೇಮ್ ಇಂಪಾಲಾ ವೇದಿಕೆಯ ಮೇಲೆ ಬ್ಯಾಂಡ್. ಸ್ಟುಡಿಯೋದಲ್ಲಿ ಆಸ್ಟ್ರೇಲಿಯಾದ ಪರ್ತ್ ಕಡೆಯ ಕೆವಿನ್ ಪಾರ್ಕರ್ ಒಬ್ಬರೇ. ‘ಕರೆಂಟ್ಸ್’ ಅವರ ಮೂರನೆಯ ಆಲ್ಬಂ, ಬಂದದ್ದು 2015ರ ಜುಲೈಯಲ್ಲಿ. 13 ಹಾಡು, ಒಟ್ಟು ಸುಮಾರು 51 ನಿಮಿಷ. 2010ರ ‘ಇನ್ನರ್‌ಸ್ಪೀಕರ್’, 2012ರ ‘ಲೋನರಿಸಂ’ ಎರಡನ್ನೂ ಮಿಕ್ಸ್ ಮಾಡಿದವರು, ಅಂದರೆ ಬಿಡಿ ಬಿಡಿ ಧ್ವನಿಗಳನ್ನು ಹದವಾಗಿ ಕೂಡಿಸಿದವರು, ಡೇವ್ ಫ್ರಿಡ್ಮನ್. ಈ ಸಲ ಮಿಕ್ಸಿಂಗನ್ನೂ ಪಾರ್ಕರ್ ತಾವೇ ಮಾಡಿದರು. ನಿಮ್ಮ ಹಳೆಯ ಅಭಿಮಾನಿಯ ಸಿಟ್ಟಿನ ಬೇರು ಇಲ್ಲೇ ಉಂಟು, ಅದಕ್ಕೆ ಆಮೇಲೆ ಬರೋಣ.

ಮೊದಲು ಸುಲಭದ್ದು. ಫೈಲ್ ಹಾಳಾಗಿಲ್ಲ. ‘ಲೆಟ್ ಇಟ್ ಹ್ಯಾಪನ್’ ಏಳೂ ಮುಕ್ಕಾಲು ನಿಮಿಷದ ಹಾಡು. ನಾಲ್ಕನೆಯ ನಿಮಿಷದ ಸುಮಾರಿಗೆ ಗೀರು ಬಿದ್ದ ಸಿಡಿಯಂತೆ ಒಂದು ತುಣುಕು ಅಲ್ಲೇ ಸಿಕ್ಕಿಕೊಂಡು ಮತ್ತೆ ಮತ್ತೆ ಬಡಿಯುತ್ತದೆ. ಅದು ಬೇಕೆಂದೇ ಮಾಡಿದ್ದು. ಸಂಶಯವಿದ್ದರೆ ಅರ್ಧ ನಿಮಿಷ ಹಿಂದೆ ಎಳೆದು ಪುನಃ ಹಾಕಿ. ಬ್ಲೂಟೂತ್ ಕಡಿದರೆ ಪ್ರತಿಸಲ ಬೇರೆ ಜಾಗದಲ್ಲಿ ಕಡಿಯುತ್ತದೆ, ನಡುವೆ ಮೌನ ಇರುತ್ತದೆ, ತಾಳ ತಪ್ಪುತ್ತದೆ. ಇಲ್ಲಿ ಪ್ರತಿಸಲ ಅದೇ ಜಾಗ. ಆ ಸಿಕ್ಕಿಕೊಂಡ ತುಣುಕಿನ ಮೇಲೆ ಪಿಟೀಲಿನಂಥ ಸ್ವರಗಳು ನಿಧಾನವಾಗಿ ಏರುವುದೂ ಕೇಳಿಸಬೇಕು. ಅದು ಕೇಳಿಸದಿದ್ದರೆ ನಿಮ್ಮ ಗೆಳತಿಯ ಇಯರ್‌ಫೋನನ್ನು ಪರೀಕ್ಷಿಸಿ, ಫೈಲನ್ನಲ್ಲ. ಕೊನೆಯ ಭಾಗದಲ್ಲಿ ಸ್ವರವನ್ನು, ಅದನ್ನು ಯಂತ್ರದ ದನಿಯಂತೆ ಮಾಡುವ ವೋಕೋಡರ್‌ನಲ್ಲಿ ಹಾಯಿಸಿದ್ದಾರೆ. ಅಲ್ಲಿ ಶಬ್ದಗಳ ಅರ್ಥ ಹಿಡಿಯಲು ಹೋಗಿ ದಣಿಯಬೇಡಿ. ‘ನ್ಯಾಂಗ್ಸ್’ ಎಂಬ ಚಿಕ್ಕ ತುಣುಕಿನ ಓಲಾಡುವ ಸಿಂಥ್, ‘ಪಾಸ್ಟ್ ಲೈಫ್’ನಲ್ಲಿ ದಪ್ಪಗೆ ಇಳಿಸಿದ ಮಾತಿನ ದನಿ, ಇವೂ ಅದೇ ಜಾತಿ. ಆ್ಯಪಿನ ವೇಗ ಬದಲಾಗಿದೆಯೆಂದು ಸೆಟ್ಟಿಂಗ್ ತಡಕಾಡುವುದು ಬೇಡ.

ಇನ್ನು ‘ಸ್ವರವೇ ಕೇಳುವುದಿಲ್ಲ’ ಎಂಬ ದೂರು. ಇದರಲ್ಲಿ ಮೂರು ಕಾರಣ ಹೆಣೆದುಕೊಂಡಿವೆ, ಬಿಡಿಸಿ ನೋಡಬೇಕು.

ಒಂದು, ಪಾರ್ಕರ್ ಹಾಡುವ ರೀತಿ. ಸ್ವರ ಎತ್ತರದ್ದು, ತೆಳು, ಅದರ ಮೇಲೆ ಪ್ರತಿಧ್ವನಿಯ ಪದರ. ವ್ಯಂಜನಗಳು ಸ್ಪಷ್ಟವಾಗುವ 1ರಿಂದ 4 ಕಿಲೋಹರ್ಟ್ಸ್ ವಲಯದಲ್ಲೇ ಸಿಂಥ್‌ಗಳೂ ಕೂತಿವೆ. ಇದು ಮಿಕ್ಸಿಂಗಿನ ಆಯ್ಕೆ. ಇಷ್ಟವಾಗದಿದ್ದರೆ ಆಗದು ಎನ್ನುವ ಹಕ್ಕು ನಿಮ್ಮ ಗೆಳೆಯನಿಗೆ ಉಂಟು.

ಎರಡು, ಮೋನೋ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಬ್ಲೂಟೂತ್ ಸ್ಪೀಕರುಗಳಲ್ಲಿ ಹಲವು ಎಡ-ಬಲ ಎರಡನ್ನೂ ಕೂಡಿಸಿ ಒಂದೇ ಬಾಯಿಯಲ್ಲಿ ಹೊರಡಿಸುತ್ತವೆ. ಕೂಡಿಸಿದಾಗ ನಡುವಿನಲ್ಲಿರುವ ಸ್ವರ, ಬದಿಯಲ್ಲಿ ಹರಡಿದ ವಾದ್ಯಗಳಿಗಿಂತ ಸುಮಾರು 3 ಡೆಸಿಬಲ್ ಮೇಲೇರುತ್ತದೆ. ಹಾಗಾದರೆ ಸ್ವರ ಚೆನ್ನಾಗಿ ಕೇಳಬೇಕಲ್ಲ? ಕೇಳುವುದಿಲ್ಲ. ಸ್ಟೀರಿಯೋದಲ್ಲಿ ಸಿಂಥ್ ಬದಿಗೆ ಸರಿದು ನಡುವೆ ಜಾಗ ಬಿಟ್ಟಿರುತ್ತದೆ, ದಿಕ್ಕಿನ ವ್ಯತ್ಯಾಸದಿಂದಲೇ ಕಿವಿ ಸ್ವರವನ್ನು ಹೆಕ್ಕುತ್ತದೆ. ಎಲ್ಲವೂ ಒಂದೇ ಬಿಂದುವಿನಿಂದ ಬಂದರೆ ಆ ಅನುಕೂಲ ಹೋಗುತ್ತದೆ. ಅದರ ಮೇಲೆ, ಎರಡು ಬದಿಗೆ, ಒಂದರ ಅಲೆ ಏರುವಾಗ ಇನ್ನೊಂದರದ್ದು ಇಳಿಯುವಂತೆ, ವಿರುದ್ಧ ಫೇಸ್‌ನಲ್ಲಿ ಹರಡಿದ ಶಬ್ದಗಳು ಕೂಡಿಸಿದಾಗ ಒಂದನ್ನೊಂದು ಕಡಿದು ತೆಳ್ಳಗಾಗುತ್ತವೆ. ಸೈಕೆಡೆಲಿಕ್ ಮಿಕ್ಸುಗಳಿಗೆ ಈ ಪೆಟ್ಟು ಹೆಚ್ಚು, ಏಕೆಂದರೆ ಅವುಗಳ ಬಂಡವಾಳವೇ ಹರಡುವಿಕೆ.

ಪರೀಕ್ಷೆ ಸುಲಭ. ಹೆಡ್‌ಫೋನ್ ಹಾಕಿ ‘ದಿ ಮೊಮೆಂಟ್’ ಅಥವಾ ‘ಇವೆಂಚುವಲಿ’ ಒಂದು ನಿಮಿಷ ಕೇಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಮೋನೋ ಆಡಿಯೋ ಆನ್ ಮಾಡಿ ಅದೇ ನಿಮಿಷವನ್ನು ಪುನಃ ಕೇಳಿ. ಆ್ಯಂಡ್ರಾಯ್ಡಿನಲ್ಲೂ ಐಫೋನಿನಲ್ಲೂ ಈ ಸೌಲಭ್ಯ ಉಂಟು. ‘ಇವೆಂಚುವಲಿ’ಯ ಆರಂಭದ ಭಾರದ ಗಿಟಾರ್ ಹೊಡೆತ ಮುಗಿದು ಸಿಂಥ್ ತೆರೆದುಕೊಳ್ಳುವ ಕಡೆ ವ್ಯತ್ಯಾಸ ಎದ್ದು ಕಾಣುತ್ತದೆ. ಕೇಳಿ ಆದ ಮೇಲೆ ಆಫ್ ಮಾಡಲು ಮರೆಯಬೇಡಿ; ಮರೆತು ತಿಂಗಳುಗಟ್ಟಲೆ ಮೋನೋದಲ್ಲಿ ಕೇಳುವವರು ಬೇಕಾದಷ್ಟು ಜನ.

ಮೂರನೆಯದು ನಮ್ಮ ಊರಿನ ಕಿವಿಯ ಅಭ್ಯಾಸ. ಯಕ್ಷಗಾನದ ಮೈಕ್ ವ್ಯವಸ್ಥೆ ನೋಡಿ: ಚೆಂಡೆ ಎಷ್ಟೇ ಅಬ್ಬರಿಸಲಿ, ಭಾಗವತರ ಪದ್ಯ ಸಾಹಿತ್ಯ ಸಮೇತ ಕೊನೆಯ ಸಾಲಿಗೆ ಮುಟ್ಟದಿದ್ದರೆ ಮೈಕ್‌ನವನಿಗೆ ಬೈಗುಳ ಗ್ಯಾರಂಟಿ. ನಮ್ಮ ಚಿತ್ರಗೀತೆಯ ಮಿಕ್ಸಿಂಗ್ ಕೂಡ ಸ್ವರವನ್ನು ವಾದ್ಯಗಳ ಮುಂದೆ ನಿಲ್ಲಿಸಿಯೇ ಶುರುವಾಗುತ್ತದೆ. ಅದನ್ನೇ ಕೇಳಿ ಬೆಳೆದವರಿಗೆ, ಸ್ವರ ವಾದ್ಯಗಳ ಸಾಲಿನಲ್ಲೇ ಒಂದಾಗಿ ನಿಂತರೆ ತಪ್ಪಿನಂತೆ ಕಾಣುವುದು ಸಹಜ.

ಈ ಮೂರರಲ್ಲಿ ನಿಮ್ಮ ಗೆಳೆಯನದ್ದು ಯಾವುದು ಎಂದು ತಿಳಿಯಲು ಬಹಳ ಒಳ್ಳೆಯ ಸಾಧನ ಒಂದುಂಟು. ಆಲ್ಬಮ್ಮಿನ ಕೊನೆಯ ಹಾಡು ‘ನ್ಯೂ ಪರ್ಸನ್, ಸೇಮ್ ಓಲ್ಡ್ ಮಿಸ್ಟೇಕ್ಸ್’ ಅನ್ನು ರಿಯಾನ್ನಾ 2016ರ ತಮ್ಮ ‘ಆ್ಯಂಟಿ’ ಆಲ್ಬಮ್ಮಿನಲ್ಲಿ ‘ಸೇಮ್ ಓಲ್ ಮಿಸ್ಟೇಕ್ಸ್’ ಎಂಬ ಹೆಸರಿನಲ್ಲಿ ಹಾಡಿದ್ದಾರೆ. ಹಿನ್ನೆಲೆಯ ವಾದ್ಯ ಬಹುಮಟ್ಟಿಗೆ ಅದೇ; ಹಾಡುವವರು ಬೇರೆ, ಸ್ವರಕ್ಕೆ ಕೊಟ್ಟ ಜಾಗವೂ ಬೇರೆ. ಎರಡನ್ನೂ ಒಂದೇ ಹೆಡ್‌ಫೋನಿನಲ್ಲಿ, ಒಂದೇ ಜೋರಿನಲ್ಲಿ, ಬೆನ್ನುಬೆನ್ನಿಗೆ ಕೇಳಿಸಿ. ರಿಯಾನ್ನಾ ಹಾಡಿದ್ದು ಹಿಡಿಸಿ ಪಾರ್ಕರ್ ಹಾಡಿದ್ದು ಹಿಡಿಸದಿದ್ದರೆ ಗೆಳೆಯನ ತಕರಾರು ಸ್ವರದ ಮೇಲೆ, ಅದು ಅಪ್ಪಟ ಅಭಿರುಚಿ, ವಾದಿಸಿ ಪ್ರಯೋಜನವಿಲ್ಲ. ಎರಡೂ ಹಿಡಿಸದಿದ್ದರೆ ಹಾಡಿನ ಸಂಗೀತವೇ ಅವನಿಗೆ ಆಗಿ ಬರುವುದಿಲ್ಲ. ಎರಡೂ ಹಿಡಿಸಿದರೆ ದೋಷ ಅವನ ಸ್ಪೀಕರಿನದ್ದು.

ಆ್ಯಪಿನ ಸೆಟ್ಟಿಂಗ್ ಒಮ್ಮೆ ಎಲ್ಲರೂ ಒಂದೇ ಮಾಡಿಕೊಳ್ಳಿ. ಷಫಲ್ ಆಫ್, ಹಾಡುಗಳನ್ನು ಒಂದರೊಳಗೊಂದು ಬೆರೆಸುವ ಕ್ರಾಸ್‌ಫೇಡ್ ಸೊನ್ನೆ, ನಡುವೆ ತಡೆಯಿಲ್ಲದೆ ನುಡಿಸುವ ಗ್ಯಾಪ್‌ಲೆಸ್ ಆನ್, ಈಕ್ವಲೈಸರ್ ಮತ್ತು ಬಾಸ್ ಬೂಸ್ಟ್ ಆಫ್. ಡೇಟಾ ಉಳಿಸುವ ಮೋಡನ್ನು ಖಂಡಿತ ತೆಗೆಯಿರಿ. ಸ್ಪಾಟಿಫೈಯಲ್ಲಿ ತೀರಾ ಕೆಳಗಿನ ದರ್ಜೆ ಸೆಕೆಂಡಿಗೆ 24 ಕಿಲೋಬಿಟ್, ‘ವೆರಿ ಹೈ’ ದರ್ಜೆ 320. ಬೇರೆ ಹಾಡಿಗೆ ಕೆಳಗಿನ ದರ್ಜೆ ಬರೀ ಕಳಪೆಯಾಗಿ ಕೇಳುತ್ತದೆ, ಇಂಥ ಹಾಡಿಗೆ ದಾರಿಯೇ ತಪ್ಪಿಸುತ್ತದೆ. ಕಾರಣ ಹೀಗೆ: ಫ್ಲ್ಯಾಂಜರ್ ಎಂಬ ಎಫೆಕ್ಟ್ ಮೂಲ ಶಬ್ದಕ್ಕೆ ಅದರದ್ದೇ ನಕಲನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ ಸೇರಿಸುತ್ತದೆ. 1 ಮಿಲಿಸೆಕೆಂಡ್ ತಡವಾದರೆ 500, 1500, 2500 ಹರ್ಟ್ಸ್‌ಗಳಲ್ಲಿ ಶಬ್ದ ಬತ್ತಿಹೋಗುತ್ತದೆ. ತಡವನ್ನು ಏರಿಳಿಸಿದರೆ ಆ ಬತ್ತಿದ ಜಾಗಗಳು ಮೇಲೆ ಕೆಳಗೆ ಹರಿದಾಡುತ್ತವೆ. ಫೇಸರ್ ಬೇರೆ ದಾರಿಯಲ್ಲಿ ಅಂಥದೇ ಕೆಲಸ ಮಾಡುತ್ತದೆ. ಕಿವಿಗೆ ಕೇಳುವುದು ‘ಶ್ವೂಂ’ ಎಂದು ಸುಳಿಯುವ ಶಬ್ದ. ಕಡಿಮೆ ಬಿಟ್‌ರೇಟಿನಲ್ಲಿ ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಾದ ಸಿಂಬಲ್ ಮತ್ತು ಹೈ-ಹ್ಯಾಟ್ ಕೂಡ ಹೆಚ್ಚುಕಡಿಮೆ ಹಾಗೇ ಸುಳಿಯುತ್ತವೆ. ಆಗ ಪಾರ್ಕರ್ ಮಾಡಿದ್ದು ಯಾವುದು, ಆ್ಯಪ್ ಮಾಡಿದ್ದು ಯಾವುದು ಎಂದು ಪಳಗಿದ ಕಿವಿಗೂ ಬೇರೆ ಮಾಡುವುದು ಕಷ್ಟ.

ಸದ್ದಿನ ಮಟ್ಟ ಇನ್ನೂ ಮುಖ್ಯ, ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೇ ಹಾಡು ಒಂದೆರಡು ಡೆಸಿಬಲ್ ಜೋರಾಗಿದ್ದರೆ ಸಾಕು, ಜನ ಅದನ್ನೇ ‘ಕ್ವಾಲಿಟಿ ಚೆನ್ನಾಗಿದೆ’ ಅನ್ನುತ್ತಾರೆ. ಮೆಲ್ಲಗೆ ಕೇಳಿದರೆ ತಗ್ಗಿನ ಸ್ವರಗಳಿಗೆ ಕಿವಿಯೇ ಮಂದವಾಗುತ್ತದೆ, ಬಾಸ್ ಇಲ್ಲವೆಂಬ ಅಭಿಪ್ರಾಯ ಬರುತ್ತದೆ. ‘ದಿ ಲೆಸ್ ಐ ನೋ ದಿ ಬೆಟರ್’ ಶುರುವಾಗುವುದೇ ಬಾಸ್ ಸಾಲಿನಿಂದ. ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್‌ನದ್ದು, ಸಣ್ಣ ಸ್ಪೀಕರುಗಳು 80-100ರ ಕೆಳಗೆ ಸೋಲುತ್ತವೆ. ಮೇಲಿನ ಅನುಸ್ವರಗಳಿಂದ ಮೆದುಳು ತಗ್ಗಿನ ಸ್ವರವನ್ನು ಊಹಿಸಿಕೊಳ್ಳುವುದರಿಂದ ರಾಗ ಗೊತ್ತಾಗುತ್ತದೆ, ಭಾರ ಸಿಗುವುದಿಲ್ಲ. ಆ ಹಾಡಿಗೆ ಅಷ್ಟು ಜನ ಮರುಳಾದದ್ದು ಯಾಕೆಂದು ಹೊಳೆಯದಿದ್ದರೆ ಮೊದಲು ಇದನ್ನು ಸರಿಮಾಡಿ ನೋಡಿ. ಫೋನಿನಲ್ಲಿ ಶಬ್ದ ಅಳೆಯುವ ಉಚಿತ ಆ್ಯಪ್ ಹಾಕಿ, ಸ್ಪೀಕರಿನಲ್ಲಿ ಕೇಳುವವರು ಕೂರುವ ಜಾಗದಲ್ಲಿ 70ರಿಂದ 75 ಡೆಸಿಬಲ್ ಬರುವಷ್ಟು ಇಟ್ಟುಕೊಳ್ಳಿ. ಫೋನಿನ ಅಳತೆ ಕರಾರುವಾಕ್ಕಲ್ಲ, ಹೋಲಿಕೆಗೆ ಸಾಕು.

ಮಂಗಳೂರು-ಉಡುಪಿಯ ಮನೆಗಳ ವಿಷಯವೂ ಇಲ್ಲಿ ಬರಬೇಕು. ಹಳೆಯ ಹಂಚಿನ ಮನೆಯ ಕೋಣೆಯಲ್ಲಿ ಮಾಡು ಇಳಿಜಾರು, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ತಗ್ಗಿನ ಶಬ್ದ ಹೊರಗೆ ಸೋರಿಹೋಗುತ್ತದೆ. ಬಾಸ್ ಸ್ವಲ್ಪ ಕಡಿಮೆ, ಆದರೆ ಶುದ್ಧ. ಫ್ಲಾಟಿನಲ್ಲಿ ನಾಲ್ಕು ಕಡೆ ಗೋಡೆ, ಮೇಲೆ ಸ್ಲ್ಯಾಬ್, ಕೆಳಗೆ ನುಣ್ಣನೆಯ ಟೈಲ್ಸ್. ಹತ್ತು ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 57 ಹರ್ಟ್ಸ್, ಹನ್ನೆರಡು ಅಡಿಯಾದರೆ ಸುಮಾರು 47 ಹರ್ಟ್ಸ್ ಅನುರಣಿಸುತ್ತದೆ. ಹತ್ತಕ್ಕೆ ಹತ್ತರ ಚೌಕ ಕೋಣೆಯಲ್ಲಿ ಎರಡೂ ದಿಕ್ಕಿನದ್ದು ಒಂದೇ ಕಡೆ ಸೇರಿ ಬಾಸಿನ ಒಂದು ಸ್ವರ ಮಾತ್ರ ಬೊಂಯ್ ಅನ್ನುತ್ತದೆ, ಪಕ್ಕದ್ದು ಮಾಯ. ‘ಬಾಸ್ ವಿಪರೀತ’ ಎಂದು ಆಲ್ಬಂ ಬೈಯುವವರು ಗೋಡೆಗೆ ಒರಗಿ ಕೂತಿರುತ್ತಾರೆ, ‘ಬಾಸೇ ಇಲ್ಲ’ ಎನ್ನುವವರು ಕೋಣೆಯ ನಡುಮಧ್ಯದಲ್ಲಿ. ಎದುರು ಗೋಡೆಯಿಂದ ಕೋಣೆಯ ಉದ್ದದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ಹತ್ತು ಅಡಿಯಲ್ಲಿ ನಾಲ್ಕಡಿಯ ಹತ್ತಿರ ಕುರ್ಚಿ ಹಾಕಿ ಶುರುಮಾಡಿ, ಅರ್ಧ ಅಡಿ ಆಚೀಚೆ ಸರಿಸುತ್ತ ಬಾಸ್ ಸಮವಾಗುವ ಜಾಗ ಹುಡುಕಿ. ಸ್ಪೀಕರನ್ನು ಮೂಲೆಗೆ ತಳ್ಳಬೇಡಿ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಬೇಕು. ನೆಲಕ್ಕೊಂದು ದಪ್ಪ ಜಮಖಾನ ಹಾಸಿದರೆ ಮೇಲಿನ ಶಬ್ದಗಳ ಕಿರಿಕಿರಿ ತಗ್ಗುತ್ತದೆ, ಬಾಸಿಗೆ ಅದರಿಂದ ಏನೂ ಆಗದು.

ಜೂನ್-ಜುಲೈಯಲ್ಲಿ ಕೇಳುವವರಿಗೆ ಇನ್ನೊಂದು ಮಾತು. ಹಂಚಿನ ಮೇಲೆ, ಅದಕ್ಕಿಂತ ಶೀಟಿನ ಮೇಲೆ, ಜಡಿಮಳೆ ಸುರಿಯುವಾಗ ಅದರ ಸದ್ದು ಎಲ್ಲ ಆವರ್ತನಗಳಲ್ಲೂ ಹರಡಿರುತ್ತದೆ. ಪ್ರತಿಧ್ವನಿಯ ಬಾಲ, ಹಿನ್ನೆಲೆಯ ಮೆಲುದನಿ ಎಲ್ಲವನ್ನೂ ಮೊದಲು ನುಂಗುವುದು ಅದೇ. ಮಳೆ ಮೀರಿಸಲು ವಾಲ್ಯೂಮ್ ಏರಿಸಬೇಡಿ. 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿಯಾದರೆ, ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಶಬ್ದ ತಡೆಯುವ ಹೆಡ್‌ಫೋನಿನ ಎಲೆಕ್ಟ್ರಾನಿಕ್ ತಂತ್ರ ಫ್ಯಾನು, ಬಸ್ಸಿನ ಇಂಜಿನು ಇಂಥ ತಗ್ಗಿನ ಗುಂಯ್‌ಗುಡುವಿಕೆಗೆ ಒಳ್ಳೆಯದು. ಮಳೆಯ ಶ್ ಶಬ್ದಕ್ಕೆ ಕಿವಿಯೊಳಗೆ ಬಿಗಿಯಾಗಿ ಕೂರುವ ಸಿಲಿಕಾನ್ ಅಥವಾ ಫೋಮ್ ತುದಿಯ ಇಯರ್‌ಫೋನೇ ಸರಿ. ತುದಿ ಸರಿಯಾದ ಅಳತೆಯದಲ್ಲದಿದ್ದರೆ ಬಾಸ್ ಪೂರ್ತಿ ಸೋರುತ್ತದೆ. ಪೆಟ್ಟಿಗೆಯಲ್ಲಿ ಬರುವ ಮೂರೂ ಅಳತೆ ಹಾಕಿ ನೋಡಿ, ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾಗುವುದೂ ಉಂಟು.

ಈಗ ಹಳೆಯ ಅಭಿಮಾನಿ. ಅವನು ಹೇಳುವುದು ನಿಜ. ಹಿಂದಿನ ಎರಡು ಆಲ್ಬಮ್ಮುಗಳಲ್ಲಿ ಮುಂದೆ ನಿಂತಿದ್ದ ಗಿಟಾರ್ ಇಲ್ಲಿ ಹಿಂದೆ ಸರಿದು ಸಿಂಥ್, ಬಾಸ್, ನೃತ್ಯದ ತಾಳ ಮುಂದೆ ಬಂದಿವೆ. ಬಂದಾಗಲೇ ಕೇಳುಗರು ಈ ವಿಷಯದಲ್ಲಿ ಎರಡು ಪಾಲಾಗಿದ್ದರು. ಪ್ರಶಸ್ತಿಗಳ ಕಡೆ ನೋಡಿದರೆ ಆಸ್ಟ್ರೇಲಿಯಾದ ಸಂಗೀತೋದ್ಯಮ ಕೊಡುವ ಏರಿಯಾ (ARIA) ಪ್ರಶಸ್ತಿಗಳಲ್ಲಿ 2015ರ ವರ್ಷದ ಆಲ್ಬಂ ಇದೇ. ಅದರಿಂದ ಅವನ ವಾದವೇನೂ ಬಿದ್ದುಹೋಗುವುದಿಲ್ಲ. ಆದರೆ ಹೋಲಿಕೆ ನ್ಯಾಯವಾಗಿರಬೇಕು: ಆ್ಯಪಿನ ವಾಲ್ಯೂಮ್ ನಾರ್ಮಲೈಸೇಷನ್ (ಹಾಡುಗಳ ಜೋರನ್ನು ಸಮ ಮಾಡುವುದು) ಆನ್ ಮಾಡಿ ‘ಲೋನರಿಸಂ’ನ ‘ಎಲಿಫೆಂಟ್’, ಇಲ್ಲಿನ ‘ಇವೆಂಚುವಲಿ’ ಒಂದಾದ ಮೇಲೊಂದು ಕೇಳಲಿ. ಡ್ರಮ್ಮಿನ ಮೇಲೆ ಗಮನ ಇಡಲಿ. ಕಂಪ್ರೆಸರ್ ಎಂಬುದು ಜೋರಾದ ಹೊಡೆತವನ್ನು ತಗ್ಗಿಸಿ, ನಡುವಿನ ಮೌನವನ್ನು ಮೇಲೆತ್ತುತ್ತದೆ. ಹೊಡೆತ ಬಿದ್ದ ತಕ್ಷಣ ಸಿಂಬಲ್ಲಿನ ಬಾಲ ಕುಗ್ಗಿ, ಮರುಕ್ಷಣ ಉಬ್ಬಿ ಬರುವುದು ಅದರಿಂದ. ಈ ಉಸಿರಾಟ ಎರಡೂ ಆಲ್ಬಮ್ಮಿನಲ್ಲಿ ಉಂಟು. ಗಿಟಾರ್ ಹೋದರೂ ಇದು ಅದೇ ಮನುಷ್ಯನ ಕೈಕೆಲಸ ಎಂದು ತಿಳಿಯುವುದು ಡ್ರಮ್ಮಿನಿಂದಲೇ.

ನಿಮ್ಮ ಬೇಸರಕ್ಕೂ ಆಧಾರ ಉಂಟು. 13 ಹಾಡಿನಲ್ಲಿ ‘ನ್ಯಾಂಗ್ಸ್’, ‘ಗಾಸಿಪ್’, ‘ಡಿಸೈಪಲ್ಸ್’ ಮೂರೂ ಎರಡು ನಿಮಿಷದೊಳಗಿನ ತುಣುಕು; ಅವು ಹಾಡೆಂದು ಕಾದರೆ ನಿರಾಸೆ. ನನ್ನ ಲೆಕ್ಕದಲ್ಲಿ ಹತ್ತರಿಂದ ಹನ್ನೆರಡನೆಯ ಹಾಡಿನ ತನಕ ಗತಿ ಮತ್ತು ಬಣ್ಣ ಹೆಚ್ಚು ಬದಲಾಗುವುದಿಲ್ಲ. ‘ರಿಯಾಲಿಟಿ ಇನ್ ಮೋಷನ್’ ಇಲ್ಲದಿದ್ದರೂ ಆಲ್ಬಂ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಕೊನೆಯ ಹಾಡು ಮಾತ್ರ ಎಲ್ಲವನ್ನೂ ಎತ್ತಿ ನಿಲ್ಲಿಸುತ್ತದೆ, ಬೇಸರಪಟ್ಟು ನಿಲ್ಲಿಸಿದವರಿಗೆ ಅದೇ ತಪ್ಪಿಹೋಗುವುದು. ಹಾಗಾಗಿ ಎರಡು ಕಂತು ಮಾಡಿ: ಮೊದಲ ದಿನ ಆರನೆಯದಾದ ‘ಗಾಸಿಪ್’ ತನಕ, ಮರುದಿನ ಏಳನೆಯದರಿಂದ ಕೊನೆಯವರೆಗೆ. ಒತ್ತಿ ಹಿಂಡಿದ, ಎಡೆಬಿಡದೆ ತುಂಬಿದ ಶಬ್ದವನ್ನು 51 ನಿಮಿಷ ಒಂದೇ ಪಟ್ಟಿಗೆ ಕೇಳಿದರೆ ಕಿವಿ ಬಳಲುತ್ತದೆ, ಬಳಲಿದ ಕಿವಿಗೆ ಎಲ್ಲ ಹಾಡೂ ಒಂದೇ.

ಮುಂದಿನ ಭಾನುವಾರಕ್ಕೆ ಮೊದಲು ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಬರೆದು ತನ್ನಿ: ಯಾವುದರಲ್ಲಿ ಕೇಳಿದ್ದು, ಎಲ್ಲಿ ಕೂತು, ಎಷ್ಟು ಸಲ, ಇಷ್ಟವಾದ ಎರಡು ಕಡೆ, ಆಗದ ಎರಡು ಕಡೆ, ಹಾಡಿನ ಹೆಸರು ಮತ್ತು ನಿಮಿಷ ಸಮೇತ. ಹತ್ತಕ್ಕೆ ಇಷ್ಟು ಎಂಬ ಅಂಕ ಬೇಡ. ಮಾತು ಶುರುವಾಗುವ ಮೊದಲೇ ಹಾಳೆಗಳನ್ನು ಒಟ್ಟುಮಾಡಿ, ಇಲ್ಲದಿದ್ದರೆ ಮೊದಲು ಜೋರಾಗಿ ಮಾತಾಡಿದವನ ಅಭಿಪ್ರಾಯವೇ ಉಳಿದವರದ್ದೂ ಆಗುತ್ತದೆ. ‘ಶ್ರೇಷ್ಠ’ ಎಂದ ಗೆಳೆಯನಿಗೂ ಈ ನಿಯಮವೇ. ನಿಮಿಷ ತೋರಿಸಲಾಗದ ಹೊಗಳಿಕೆ, ನಿಮಿಷ ತೋರಿಸಲಾಗದ ಬೈಗುಳ ಎರಡನ್ನೂ ಬದಿಗಿಡಿ. ಉಳಿದವನ್ನು ಒಂದೇ ಹೆಡ್‌ಫೋನಿನಲ್ಲಿ ಸರದಿಯಂತೆ ಕೇಳಿ ನೋಡಿ. ಆಗಲೂ ಒಮ್ಮತ ಬರದ ಜಾಗಗಳೇ ಚರ್ಚೆಗೆ ಯೋಗ್ಯ. ಸಾಹಿತ್ಯದ ಬಗ್ಗೆ ಜಗಳ ಬಂದರೆ ‘ಕಾಸ್ ಐಯಾಮ್ ಎ ಮ್ಯಾನ್’ನಿಂದ ಶುರುಮಾಡಿ. ಗಂಡಸು ಎಂಬ ನೆಪ ಹೇಳುವವನನ್ನು ಆ ಹಾಡು ಸಮರ್ಥಿಸುತ್ತದೆಯೋ ಕುಟುಕುತ್ತದೆಯೋ ಎಂಬುದಕ್ಕೆ ಎರಡೂ ಕಡೆಯವರಿಗೆ ಹೇಳಲು ಬೇಕಾದಷ್ಟು ಸಿಗುತ್ತದೆ.

ಎಲ್‌ಪಿ ತೆಗೆದುಕೊಳ್ಳಬಹುದು, ಆದರೆ ನಮ್ಮ ಕರಾವಳಿಯಲ್ಲಿ ಸಾಕುವ ಕೆಲಸ ಉಂಟು. ಇದು ಎರಡು ತಟ್ಟೆಯ ಸೆಟ್, ಅಂದರೆ ನಾಲ್ಕು ಬದಿ, ಬದಿಗೆ ಸರಾಸರಿ ಹದಿಮೂರು ನಿಮಿಷ. ಪ್ರತಿ ಬದಿಗೆ ಎದ್ದು ತಿರುಗಿಸಬೇಕಾದ್ದರಿಂದ ಮೇಲೆ ಹೇಳಿದ ಬಳಲಿಕೆ ತಾನಾಗಿ ತಪ್ಪುತ್ತದೆ. ರಾಬರ್ಟ್ ಬೀಟಿ ಬಿಡಿಸಿದ ಹೊದಿಕೆಯ ಚಿತ್ರ, ಗುಂಡಿನ ಸುತ್ತ ಸುಳಿಗಟ್ಟಿ ಹರಿಯುವ ಆ ನೇರಳೆ ಗೆರೆಗಳು, ದೊಡ್ಡ ಅಳತೆಯಲ್ಲಿ ನೋಡಲು ಚೆಂದ; ಬೂಷ್ಟು ಹಿಡಿಯುವುದೂ ಮೊದಲು ಅದಕ್ಕೇ. ಒಳಗಿನ ಕಾಗದದ ಚೀಲ ತೇವ ಹೀರುತ್ತದೆ, ಬಂದ ದಿನವೇ ತೆಗೆದು ಪಾಲಿಥೀನ್ ಒಳಚೀಲ ಹಾಕಿ. ಮಳೆ ಹೊಡೆಯುವ ಪಡುವಣ ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಕಾಲು ಕಿಲೋ ಬಟ್ಟೆಯ ಚೀಲದಲ್ಲಿ ಹಾಕಿ, ಒಳಗೊಂದು ಚಿಕ್ಕ ಹೈಗ್ರೋಮೀಟರ್ ಇಡಿ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಸರಿ, 70 ದಾಟಿದರೆ ಬೂಷ್ಟು ಶುರು. ಜೆಲ್ಲಿನ ಬಣ್ಣ ತಿರುಗಿದಾಗ 110-120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಅಡುಗೆಯ ಪಾತ್ರೆ ಅದಕ್ಕೆ ಬೇಡ. ತಟ್ಟೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಬೂಷ್ಟು ಶಬ್ದ ಕೊರೆದ ಗೀರಿನೊಳಗೆ ಇನ್ನಷ್ಟು ಇಳಿಯುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಮೃದುವಾದ ಬ್ರಷ್ಷಿನಿಂದ ಗೀರುಗಳ ದಿಕ್ಕಿನಲ್ಲೇ ತೊಳೆದು, ನಡುವಿನ ಲೇಬಲ್ ಒದ್ದೆಯಾಗದಂತೆ ನೋಡಿ, ಫ್ಯಾನಿನ ಕೆಳಗೆ ಪೂರ್ತಿ ಒಣಗಿದ ಮೇಲಷ್ಟೇ ಚೀಲಕ್ಕೆ ಸೇರಿಸಿ.